ಕಡತ ಹೋಯಿತು, ಕಡತ ಬಂತು, ಡುಂ ಡುಂ!

ಕಡತ ಎಂದರೆ ಈಗ ಟ್ಯಾಗು ಕಟ್ಟಿಸಿಕೊಂಡು ಮೇಜಿನಿಂದ ಮೇಜಿಗೆ ಅಲೆಯುವ ಸರ್ಕಾರಿ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ. ಗಟ್ಟಿ ನೂಲಿನ ಬಟ್ಟೆಗೆ ಹುಣಸೆಬೀಜದ ಸರಿ ಬಳಿದು, ಇದ್ದಿಲ ಪುಡಿಯಿಂದ ಕಪ್ಪು ಮಾಡಿ, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಸಿದರೆ ಕಡತ ಸಿದ್ಧ. ಬರೆಯುವುದು ಬಿಳಿ ಬಳಪದಲ್ಲಿ. ವರ್ತಕರು ಲೆಕ್ಕ ಬರೆದದ್ದು ಅದರಲ್ಲೇ, ಮಠಗಳು ಆದಾಯ-ಖರ್ಚು ಇಟ್ಟದ್ದೂ ಅದರಲ್ಲೇ. ಶೃಂಗೇರಿ ಮಠದ ಕಡತಗಳೆಂದರೆ ಇತಿಹಾಸಕಾರರು ಇವತ್ತಿಗೂ ಕಣ್ಣಿಗೊತ್ತಿಕೊಳ್ಳುತ್ತಾರೆ. ಸ್ಲೇಟಿನ ಹಾಗೆ, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಲೂ ಬರುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಕೆಲಸಕ್ಕೆ ಬೀಳುತ್ತದೆ.

ಬಾಲ ಹೋಗಿ ಕತ್ತಿ ಬಂದ ಕೋತಿಯ ಕಥೆ ಎಲ್ಲರಿಗೂ ಗೊತ್ತು. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ‘ವಿಶೇಷ ಸಂಗ್ರಹ’ ಬೆಳೆಯುವುದು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ. ಏನನ್ನು ಕೂಡಿಡಬೇಕೆಂಬ ಲಿಖಿತ ನೀತಿ ಎಲ್ಲೋ ಇರಬಹುದು. ಇದ್ದರೆ ಅದೂ ಒಂದು ಅಪರೂಪದ ಹಸ್ತಪ್ರತಿಯೇ. ಅಲಿಖಿತ ನೀತಿ ಮಾತ್ರ ಬಲು ಖಚಿತ. ಬಿಲ್ಲು ಇದ್ದದ್ದು ಒಳಗೆ. ಹಾರ ಹಾಕಿಸಿಕೊಂಡು ಬಂದದ್ದು ಒಳಗೆ. ಫೋಟೋದಲ್ಲಿ ಕುಲಪತಿಗಳಿದ್ದರೆ ಅದಕ್ಕೆ ಚೌಕಟ್ಟು ಸಮೇತ ಪ್ರವೇಶ.

ಹಾಗಾಗಿ ಗಾಜಿನ ಬೀರುವಿನಲ್ಲಿ, ಬಲ್ಬಿನ ಬೆಳಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನೆನಪಿನ ಕಾಣಿಕೆಗಳು. ಫೈಬರಿನ ಸರಸ್ವತಿ, ಅಕ್ರಿಲಿಕ್ ಫಲಕ, ಮಖಮಲ್ಲಿನ ಪೆಟ್ಟಿಗೆಯಲ್ಲಿ ಶಂಕುಸ್ಥಾಪನೆಗೆ ಒಂದೇ ಒಂದು ಸಲ ಸಿಮೆಂಟು ಕಂಡ ಬೆಳ್ಳಿ ಕರಣೆ. ಸಂರಕ್ಷಣೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸಂಗ್ರಹ ಇಲ್ಲ: ಅಕ್ರಿಲಿಕ್ಕನ್ನು ಬೆಳ್ಳಿಮೀನು ಹುಳು ತಿನ್ನುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಓದುಗರಂತೂ ಕೇಳುವುದೇ ಇಲ್ಲ. ಕೆಳಗಿನ ಅರೆಯಲ್ಲಿ ಅಭಿನಂದನ ಗ್ರಂಥಗಳು, ತಲೆಗೆ 25 ಪ್ರತಿಯಂತೆ. ಅಭಿನಂದಿತರು ನಿವೃತ್ತರಾದ ಮೇಲೂ ಕಟ್ಟಿನ ದಾರ ಬಿಚ್ಚಿರುವುದಿಲ್ಲ.

ಆಮೇಲೆ ಪಿಎಚ್.ಡಿ. ಪ್ರಬಂಧಗಳು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಇವು ಪ್ರಬಂಧಗಳನ್ನು ಕೂಡಿಡುವ ಶೋಧಗಂಗಾ ಜಾಲತಾಣಕ್ಕೂ ಹೋಗಬೇಕು, ಹೋಗುತ್ತವೆ. ಆದರೆ ಎಷ್ಟೋ ಕನ್ನಡ ಪ್ರಬಂಧಗಳು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿಲ್ಲ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿವೆ. ಅದರಿಂದ ‘ಕನ್ನಡ’ ಎಂಬ ಪದವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಒಂದು ಪಿ, ಒಂದು ಪೌಂಡ್ ಚಿಹ್ನೆ, ಒಂದು ಕ್ಯೂ, ನಡುನಡುವೆ ತಲೆಯ ಮೇಲೆ ಗೀಟು ಎಳೆಸಿಕೊಂಡ ಎ ಬರುತ್ತವೆ. ಹುಡುಕಿದರೆ ಏನೂ ಸಿಗದು. ಕೃತಿಚೌರ್ಯ ಪತ್ತೆ ಮಾಡುವ ತಂತ್ರಾಂಶಕ್ಕೂ ಸಿಗದು. 2018ರ ಯುಜಿಸಿ ನಿಯಮ ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆ ಇಲ್ಲ ಎನ್ನುತ್ತದೆ. ಈ ಅಕ್ಷರಗಳ ಕೃಪೆಯಿಂದ ಇಡೀ ಅಧ್ಯಾಯ ಎತ್ತಿದ್ದರೂ ಹೋಲಿಕೆ ಸೊನ್ನೆ. ಪ್ರಬಂಧದ ಹಿಂದಿನ ರಟ್ಟಿನ ಜೇಬಿನಲ್ಲಿ ಒಂದು ಸಿಡಿ ಕೂಡ ಇರುತ್ತದೆ. ಅದನ್ನು ಓದುವ ಡ್ರೈವು ಇರುವ ಕಂಪ್ಯೂಟರು ಹೋದ ಹರಾಜಿನಲ್ಲಿ ಹೋಯಿತು.

ಇನ್ನು ಹೊರಗಿನಿಂದ ಬರುವ ನಿಜವಾದ ಹಳೆಯ ವಸ್ತುವಿನ ಪಾಡು ನೋಡಿ. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿ ಕಟ್ಟೊಂದನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂದುಕೊಟ್ಟರು. 1891ರಲ್ಲಿ ಶುರುವಾದ ಸಂಸ್ಥೆ ಅದು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು, ಕೌಟಿಲ್ಯನ ‘ಅರ್ಥಶಾಸ್ತ್ರ’ ಎಂದು ಗುರುತಿಸಿದರು, 1909ರಲ್ಲಿ ಅಚ್ಚು ಹಾಕಿಸಿದರು. ಅದೇ ಪಂಡಿತರು ಇವತ್ತು ಕಟ್ಟು ಹಿಡಿದು ಯಾವುದಾದರೂ ಕೌಂಟರಿಗೆ ಬರಲಿ. ಐಎಸ್‌ಬಿಎನ್ ಸಂಖ್ಯೆ ಎಲ್ಲಿ? ಪ್ರಕಾಶಕರು ಯಾರು, ರಿಯಾಯಿತಿ ಎಷ್ಟು? ದರಪಟ್ಟಿ ಮೂರು ಬೇಕು. ಇನ್ನಿಬ್ಬರು ಕೌಟಿಲ್ಯರಿಂದ ತನ್ನಿ. ದಾನವೋ? ಹಾಗಾದರೆ ದಾನ ಸ್ವೀಕಾರ ಸಮಿತಿ ಕೂರಬೇಕು. ಸಮಿತಿಯ ಅಧ್ಯಕ್ಷರ ಅವಧಿ ಮುಗಿದಿದೆ, ಮುಂದಿನ ತಿಂಗಳು ವಿಚಾರಿಸಿ.

ತಮಾಷೆ ಏನೆಂದರೆ, ದಾಖಲೆ ಇಡುವುದು ಹೇಗೆಂದು ಆ ಕಟ್ಟಿನಲ್ಲೇ ಬರೆದಿದೆ. ಅಕ್ಷಪಟಲ ಎಂಬ ಲೆಕ್ಕಪತ್ರದ ಕಚೇರಿ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಬೇಕು, ಲೆಕ್ಕದ ಪುಸ್ತಕಗಳಿಗೆ ಅಲ್ಲಿ ಜಾಗ ಇರಬೇಕು. ಮುಂದಿನ ಅಧ್ಯಾಯದಲ್ಲೇ ಬೊಕ್ಕಸ ನುಂಗುವ 40 ಬಗೆ ಹೇಳಿದೆ. ನಮ್ಮ ವಿಶೇಷ ಸಂಗ್ರಹಗಳು ಮುಖ ಮಾಡಿರುವುದು ಮೇಲಿನ ಮಹಡಿಯ ಶೌಚಾಲಯದ ಪೈಪಿಗೆ. ಬೊಕ್ಕಸ ನುಂಗುವ ಅಧ್ಯಾಯವನ್ನು ಮಾತ್ರ ಯಾರೋ ಶ್ರದ್ಧೆಯಿಂದ ಓದಿಕೊಂಡ ಹಾಗಿದೆ.

ಹೇಗೋ ಒಳಗೆ ಬಂದ ತಾಳೆಗರಿಗೆ ನಡೆಯುವ ಉಪಚಾರ ಇನ್ನೂ ಸೊಗಸು. ನೇರಳೆ ಮಸಿಯ ರಬ್ಬರ್ ಮೊಹರನ್ನು ಮೊದಲ ಗರಿಗೆ, ಗುರುತಿಗೆಂದು ಗ್ರಂಥಾಲಯ ಗೊತ್ತುಮಾಡಿಕೊಂಡ ಗುಟ್ಟಿನ ಗರಿಗೆ, ಕೊನೆಯ ಗರಿಗೆ ಒತ್ತಲಾಗುತ್ತದೆ. ಮುದ್ರಿತ ಪುಸ್ತಕಕ್ಕೆ ಹಾಗೇ ತಾನೆ ಒತ್ತುವುದು? ಕೆಲವೊಮ್ಮೆ ಮುರಿದ ಗರಿಗೆ ಸೆಲ್ಲೋ ಟೇಪು. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಗರಿಯೊಳಗೆ ಇಳಿಯುತ್ತದೆ, ಟೇಪು ಕೀಳಲು ಹೋದರೆ ಅಕ್ಷರವೂ ಎದ್ದು ಬರುತ್ತದೆ. ಇನ್ನೂ ಉತ್ಸಾಹಿಗಳಿದ್ದರೆ ಪ್ಲಾಸ್ಟಿಕ್ ಲ್ಯಾಮಿನೇಷನ್. ಗರಿ ಹವೆಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಪ್ಲಾಸ್ಟಿಕ್ ಅದಕ್ಕೆ ತಕ್ಕಂತೆ ಕುಣಿಯುವುದಿಲ್ಲ. ಮಾಡಬೇಕಾದದ್ದು ಇಷ್ಟೇ: ಮೆತ್ತನೆಯ ಬ್ರಷ್ಷಿನಲ್ಲಿ ದೂಳು ತೆಗೆದು, ಸಿಟ್ರೊನೆಲ್ಲಾ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ತೆಳ್ಳಗೆ ಸವರಿ, ಆರಿಸಿ, ಎರಡು ಮರದ ಹಲಗೆಯ ನಡುವೆ ಇಟ್ಟು, ಹತ್ತಿ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟುವುದು. ಎಣ್ಣೆ ಹೆಚ್ಚಾದರೆ ದೂಳು ಹಿಡಿಯುತ್ತದೆ, ಕಟ್ಟು ಸಡಿಲವಾದರೆ ಗರಿ ಸೊಟ್ಟಗಾಗುತ್ತದೆ. ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ಶ್ಲೋಕವೂ ಇದನ್ನೇ ಹೇಳುತ್ತದೆ: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಕೊಡಬೇಡಿ. ಉಪಸಮಿತಿಯ ಕೈಗೆ ಎಂದು ಬರೆಯಲು ಪಾಪ ಅವರಿಗೆ ಹೊಳೆಯಲಿಲ್ಲ.

ಹವಾನಿಯಂತ್ರಣ ಇದೆಯಲ್ಲ ಎನ್ನುತ್ತೀರಿ. ಇದೆ, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ಸಿಬ್ಬಂದಿ ಮನೆಗೆ ಹೋದ ಮೇಲೆ ಹಸ್ತಪ್ರತಿಗೇಕೆ ಕರೆಂಟು ದಂಡ? ದಿನವೆಲ್ಲ ಒಣ ಹವೆ, ರಾತ್ರಿಯೆಲ್ಲ ಮಳೆಗಾಲದ ತೇವ. ಈ ದಿನನಿತ್ಯದ ಏರಿಳಿತಕ್ಕಿಂತ ಎಸಿ ಇಲ್ಲದ, ಗಾಳಿಯಾಡುವ ಹಳೆಯ ಕೋಣೆಯೇ ಗರಿಗೆ ಮೇಲು. ಆದರೆ ಗಾಳಿಗೆ ಟೆಂಡರು ಕರೆಯಲಾಗುವುದಿಲ್ಲವಲ್ಲ.

ಕರಪತ್ರಗಳ ಸುದ್ದಿ ಕೇಳಲೇಬೇಡಿ. 1980ರ ನರಗುಂದ-ನವಲಗುಂದ ರೈತ ಹೋರಾಟ, 1982ರ ಗೋಕಾಕ್ ಚಳವಳಿ, ದಲಿತ ಸಂಘರ್ಷ ಸಮಿತಿಯ ಸಭೆಗಳು: ಈ ಕಾಲವೆಲ್ಲ ಉಳಿದಿರುವುದು ಯಾರ ಯಾರದೋ ಅಟ್ಟದ ಮೇಲಿನ ಟ್ರಂಕಿನಲ್ಲಿ. ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಹಾಕಿಕೊಟ್ಟ ವ್ಯಾಖ್ಯೆಯ ಪ್ರಕಾರ ಹಸ್ತಪ್ರತಿ ಎನ್ನಿಸಿಕೊಳ್ಳಲು ಕನಿಷ್ಠ 75 ವರ್ಷ ವಯಸ್ಸಾಗಿರಬೇಕು, ಅಚ್ಚಾಗಿರಬಾರದು. ಮೇಣದ ಹಾಳೆಯಲ್ಲಿ ಬರೆದು ಮಸಿ ಹಾಯಿಸಿ ಪ್ರತಿ ತೆಗೆದ, ಅಂದರೆ ಸೈಕ್ಲೋಸ್ಟೈಲ್ ಮಾಡಿದ ಕರಪತ್ರ ಕೈಬರಹವೂ ಅಲ್ಲ, ಪೂರ್ತಿ ಅಚ್ಚೂ ಅಲ್ಲ. ಜಾತಿ ಪ್ರಮಾಣಪತ್ರವಿಲ್ಲದ ಅಭ್ಯರ್ಥಿಯ ಹಾಗೆ ಸಾಲಿನ ಹೊರಗೆ ನಿಲ್ಲಬೇಕು. ಕೈಬರಹವೆಂದೇ ಒಪ್ಪಿದರೂ 1982ರ ಹಾಳೆ 2057ರವರೆಗೆ ಕಾಯಬೇಕು. ಆ ಅಗ್ಗದ ಕಾಗದದಲ್ಲಿರುವ ಆಮ್ಲಕ್ಕೆ ಅಷ್ಟು ತಾಳ್ಮೆ ಇಲ್ಲ.

ಈಗ ನಮ್ಮ ಕಡತಕ್ಕೆ ಬರೋಣ. ಯಾವುದೋ ಮನೆತನದವರು ಕೊಟ್ಟ ಬಟ್ಟೆಯ ಕಡತವೊಂದು ಹೇಗೋ ಇಂಥ ಗ್ರಂಥಾಲಯದ ಒಳಗೆ ಬಂದಿದೆ ಎಂದಿಟ್ಟುಕೊಳ್ಳಿ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ದಿನ ‘ಅಪರೂಪದ ಸಂಗ್ರಹಗಳ ವಿಭಾಗ’ ಎಂಬ ಫ್ಲೆಕ್ಸು ಕಟ್ಟಿ, ಅದನ್ನು ಮೇಜಿನ ಮೇಲೆ ಬಿಡಿಸಿ ಇಡಲಾಗುತ್ತದೆ. ಮೇಲೆ ಬಿಳಿಬಿಳಿಯಾಗಿ ಏನೋ ದೂಳು. ಸ್ವಚ್ಛತೆಗೆ ಅಂಕ ಇದೆ. ಒದ್ದೆ ಬಟ್ಟೆ ತಂದು ಎರಡು ಸಲ ಒರೆಸಿದರೆ ಭತ್ತದ ಗೇಣಿ, ಅಡಕೆಯ ಬೆಲೆ, ಸಾಲ ಕೊಟ್ಟವರು, ತೀರಿಸದವರು, ಎಲ್ಲರೂ ಬಕೆಟ್ಟಿಗೆ. ತಂಡದವರು ಹೊಳೆಯುವ ಕಪ್ಪು ಬಟ್ಟೆ ನೋಡಿ ‘ಉತ್ತಮ ನಿರ್ವಹಣೆ’ ಎಂದು ಬರೆದುಕೊಂಡು ಊಟಕ್ಕೆ ಹೋಗುತ್ತಾರೆ.

ಮುಂದೆ ದಾಸ್ತಾನು ಪರಿಶೀಲನೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಎರವಲು ಹೋದ ಅಥವಾ ಓದಲು ತೆಗೆದ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಸಹಜ ನಷ್ಟ. ಆದರೆ ಅಪರೂಪದ ಪುಸ್ತಕವಾದರೆ ಬೆಲೆ ಎಷ್ಟೇ ಇರಲಿ, ತನಿಖೆ ಆಗಲೇಬೇಕು. ಇದು ಕೇಂದ್ರದ ನಿಯಮ ನಿಜ, ಆದರೆ ಆಡಿಟ್ ಆಕ್ಷೇಪಣೆ ಯಾವ ದಿಕ್ಕಿನಿಂದ ಬಂದರೂ ಕಚ್ಚುತ್ತದೆ. ಅನುಭವಸ್ಥರು ಅದಕ್ಕೇ ಮೊದಲೇ ಎಚ್ಚರ ವಹಿಸಿರುತ್ತಾರೆ. ಒಳಬಂದದ್ದನ್ನೆಲ್ಲ ಬರೆದಿಡುವ ಪರಿಗ್ರಹಣ ವಹಿಯಲ್ಲಿ ನಮೂದು: ‘ಹಳೆ ಕಪ್ಪು ಬಟ್ಟೆ, 1.’ ಬೆಲೆಯ ಕಾಲಮ್ಮಿನಲ್ಲಿ ಅಡ್ಡಗೀಟು. ಬಟ್ಟೆ ಅಪರೂಪವಲ್ಲ, ಪುಸ್ತಕವೂ ಅಲ್ಲ. ರದ್ದತಿ ಸಮಿತಿ ಸೇರುತ್ತದೆ, ಗೋಡಂಬಿ ಬಿಸ್ಕತ್ತು ಬರುತ್ತದೆ, ಬಟ್ಟೆ ರದ್ದಿಯ ಮೂಟೆಗೆ ಹೋಗುತ್ತದೆ. ಕಿಲೋ ಲೆಕ್ಕದಲ್ಲಿ ಕೊಂಡವನು ಮಡಿಕೆಯನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಒರೆಸದೆ ಉಳಿದ ಎರಡು ಸಾಲು ನೋಡಿ, ಅದನ್ನು ಬೇರೆಯೇ ಎತ್ತಿಡುತ್ತಾನೆ. ಇಡೀ ಸರಪಳಿಯಲ್ಲಿ ಆಯ್ಕೆಯ ನೀತಿ ಇದ್ದದ್ದು ಅವನೊಬ್ಬನಿಗೆ.

ಯಾವನೋ ಸಂಶೋಧನಾ ವಿದ್ಯಾರ್ಥಿ ಆರು ತಿಂಗಳ ಮೇಲೆ ಬಂದು ಆ ಕಡತ ಬೇಕೆಂದು ಅರ್ಜಿ ಕೊಡುತ್ತಾನೆ. ಕೂಡಲೇ ಕ್ರಮ. ಹೊಸ ರಟ್ಟು, ಹೊಸ ಟ್ಯಾಗು, ವಿಷಯ: ‘ಕಡತ ಲಭ್ಯವಿಲ್ಲದಿರುವ ಬಗ್ಗೆ.’ ಗ್ರಂಥಪಾಲಕರ ಟಿಪ್ಪಣಿ, ಕುಲಸಚಿವರ ಷರಾ, ಹಣಕಾಸು ಅಧಿಕಾರಿಯ ಅಭಿಪ್ರಾಯ, ಕಾನೂನು ಕೋಶದ ಸಲಹೆ, ನೋಡನೋಡುತ್ತ 200 ಪುಟ. ಶಾಶ್ವತವಾಗಿ ಇಡತಕ್ಕದ್ದು ಎಂಬ ಮೊಹರು ಬಿದ್ದು, ಮೂರು ಪ್ರತಿಯಾಗಿ, ಗಾಜಿನ ಬೀರುವಿನಲ್ಲಿ ಫೈಬರ್ ಸರಸ್ವತಿಯ ಪಕ್ಕದಲ್ಲಿ ಅದಕ್ಕೆ ಜಾಗ ಸಿಗುತ್ತದೆ.