ಕಡಕ್ ರೊಟ್ಟಿಯೂ ಹಣೆಬರಹವೂ

ನಮ್ಮ ಓಣಿಯ ತುದಿಯಲ್ಲಿ ಕರೆಂಟಿನ ಟ್ರಾನ್ಸ್‌ಫಾರ್ಮರ್ ಇದೆ. ಅದರ ಕಂಬಕ್ಕೆ ಒಂದು ಕೆಂಪು ತಗಡು ಬಡಿದಿದ್ದಾರೆ. ‘ಅಪಾಯ’ ಎಂಬ ಅಕ್ಷರ, ಒಂದು ತಲೆಬುರುಡೆ, ಎರಡು ಎಲುಬು. ಅದರ ಬುಡದಲ್ಲೇ ಹೂವಿನವಳು ಬುಟ್ಟಿ ಇಟ್ಟುಕೊಂಡು ಕೂರುತ್ತಾಳೆ. ಸಂಜೆಯಾದರೆ ಗಿರಮಿಟ್ ಗಾಡಿಯೂ ಬರುತ್ತದೆ. ಆ ಬುರುಡೆಗೆ ಯಾರಾದರೂ ಹೆದರಿದ್ದನ್ನು ನಾನಂತೂ ನೋಡಿಲ್ಲ. ಹೆದರುವುದಾದರೂ ಹೇಗೆ? ಅದು ಹಗಲೂ ರಾತ್ರಿ ಹಲ್ಲು ಕಿಸಿದುಕೊಂಡೇ ಇರುತ್ತದೆ.

ಬುರುಡೆಗಳೆಲ್ಲ ನಗುತ್ತವೆ. ಬದುಕಿದ್ದಾಗ ಮನುಷ್ಯ ಎಷ್ಟೇ ಸಿಡುಕನಾಗಿರಲಿ, ತುಟಿ ಕೆನ್ನೆ ಹೋದ ಮೇಲೆ ಹಲ್ಲು ಮುಚ್ಚುವವರು ಯಾರು? ಮೂಗಂತೂ ಇರುವುದೇ ಇಲ್ಲ. ಬುಡದಲ್ಲಿ ಒಂದು ಚೂರು ಗಟ್ಟಿ ಎಲುಬು, ಉಳಿದದ್ದು ಮೃದ್ವಸ್ಥಿ. ಅದು ಉಳಿಯುವುದಿಲ್ಲ, ಒಂದು ತೂತಷ್ಟೇ ಉಳಿಯುತ್ತದೆ. ಕನ್ಯೆ ನೋಡಲು ಹೋದ ಹಿರಿಯರು ‘ಮೂಗು ಸ್ವಲ್ಪ ಮೊಂಡ ಆತು’ ಎಂದು ಎದ್ದು ಬಂದದ್ದನ್ನು ಕೇಳಿದಾಗಲೆಲ್ಲ ನನಗೆ ಆ ತೂತು ನೆನಪಾಗುತ್ತದೆ.

ಮೈಯಲ್ಲಿ ಒಟ್ಟು 206 ಎಲುಬುಗಳು. ಅರ್ಧಕ್ಕಿಂತ ಜಾಸ್ತಿ, ಅಂದರೆ 106, ಕೈ ಮತ್ತು ಪಾದಗಳಲ್ಲೇ ಇವೆ. ತಲೆಬುರುಡೆಗೆ 22. ಅದರಲ್ಲಿ ಮಿದುಳನ್ನು ಕಾಯಲು ಎಂಟು, ಮುಖಕ್ಕೆ ಹದಿನಾಲ್ಕು. ಬುದ್ಧಿಗಿಂತ ಮುಖಕ್ಕೇ ಖರ್ಚು ಜಾಸ್ತಿ! ಈ 22ರಲ್ಲಿ ಚೆನ್ನಾಗಿ ಅಲ್ಲಾಡುವುದು ಒಂದೇ, ಕೆಳದವಡೆ. ಮಿಕ್ಕವೆಲ್ಲ ಒಂದನ್ನೊಂದು ಕಚ್ಚಿ ಹಿಡಿದುಕೊಂಡಿವೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ, ಆ ಕೀಲು ಜಾರುವುದು ಗೊತ್ತಾಗುತ್ತದೆ. ಅದನ್ನು ಹಿಡಿದಿಡುವುದು ಸ್ನಾಯು ಮತ್ತು ನಾರು. ಅವು ಹೋದರೆ ದವಡೆ ಬೇರೆ, ಬುರುಡೆ ಬೇರೆ. ಎಷ್ಟೋ ಚಿತ್ರಗಳಲ್ಲಿ ಬುರುಡೆಗೆ ಕೆಳದವಡೆ ಇಲ್ಲದಿರುವುದು ಇದಕ್ಕೇ. ಜೀವನವಿಡೀ ಒಂದು ನಿಮಿಷ ಸುಮ್ನೆ ಇರದ ಎಲುಬೇ ಮೊದಲು ಕಳಚಿಕೊಳ್ಳುತ್ತದೆ.

ಈ ದವಡೆಗೆ ನಮ್ಮ ಕಡೆ ಕೊಡುವಷ್ಟು ಕೆಲಸ ಬೇರೆ ಕಡೆ ಕೊಡುತ್ತಾರೋ ಇಲ್ಲವೋ. ಜೋಳದ ಕಡಕ್ ರೊಟ್ಟಿ ಮುರಿದು, ಗುರೆಳ್ಳು ಚಟ್ನಿ, ಮೇಲೆ ಕೆನೆ ಮೊಸರು ಹಚ್ಚಿ ಬಾಯಿಗಿಟ್ಟರೆ ಏನಾಗುತ್ತದೆ? ಟಿವಿ ಕೇಳಿಸುವುದಿಲ್ಲ. ಹೆಂಡತಿ ಹೇಳಿದ್ದು ಕೇಳಿಸುವುದಿಲ್ಲ. ತಲೆಯೊಳಗೆ ಕರಂ ಕುರುಂ ಒಂದೇ ಸದ್ದು. ಆದರೆ ಪಕ್ಕದಲ್ಲಿ ಕೂತವರಿಗೆ ಅಷ್ಟೇನೂ ಸದ್ದಿಲ್ಲ. ಯಾಕೆಂದರೆ ಅವರ ಕಿವಿಗೆ ಬರುವುದು ಗಾಳಿಯಲ್ಲಿ ಬಂದ ಸದ್ದು. ನಮ್ಮದು ಹಲ್ಲಿನಿಂದ ದವಡೆಗೆ, ದವಡೆಯಿಂದ ಬುರುಡೆಗೆ ಹತ್ತಿ ನೇರವಾಗಿ ಒಳಗಿವಿಗೇ ಹೋಗುತ್ತದೆ. ಒಳಗಿವಿ ಇರುವುದೇ ಬುರುಡೆಯ ಎಲುಬಿನೊಳಗೆ. ಕಪಾಳದ ಹಿಂದೆ, ತಲೆಯ ತಳಕ್ಕೆ, ಮೈಯಲ್ಲೇ ತುಂಬಾ ಗಟ್ಟಿ ಎನ್ನುವಂಥ ಎಲುಬಿನಲ್ಲಿ ಅದು ಹುದುಗಿದೆ. ಅಷ್ಟು ಭದ್ರ ಜಾಗದಲ್ಲಿ ಕೂತರೂ ರೊಟ್ಟಿಯ ಸದ್ದಿನಿಂದ ಅದಕ್ಕೆ ಬಿಡುಗಡೆಯಿಲ್ಲ.

ವಾಟ್ಸಾಪ್‌ನಲ್ಲಿ ನಮ್ಮದೇ ದನಿ ಕೇಳಿ ‘ಇಷ್ಟು ಕೀರಲಾ ನನ್ನ ದನಿ?’ ಅನಿಸುತ್ತದಲ್ಲ, ಅದಕ್ಕೂ ಬುರುಡೆಯೇ ಕಾರಣ. ಮಾತಾಡುವಾಗ ನಮ್ಮ ದನಿ ಗಾಳಿಯಿಂದಲೂ ಬರುತ್ತದೆ, ಎಲುಬಿನಿಂದಲೂ ಬರುತ್ತದೆ. ಎಲುಬು ಕೆಳಗಿನ ಸ್ವರಗಳನ್ನು ಚೆನ್ನಾಗಿ ಹಾಯಿಸುತ್ತದೆ. ಹಾಗಾಗಿ ನಮಗೆ ನಾವು ಗಂಭೀರ. ರೆಕಾರ್ಡಿಂಗಿನಲ್ಲಿ ಆ ಎಲುಬಿನ ಪಾಲು ಇರುವುದಿಲ್ಲ. ಸಂಗೀತದ ಊರು ಧಾರವಾಡದಲ್ಲಿ ಬಚ್ಚಲಮನೆಯಲ್ಲಿ ಹಾಡುವವರು ಬಹಳ. ಅವರಿಗೆಲ್ಲ ಇದನ್ನು ಹೇಳಬಾರದು, ಪಾಪ.

ಹುಟ್ಟುವಾಗ ಬುರುಡೆ ಇಷ್ಟು ಗಟ್ಟಿ ಇರುವುದಿಲ್ಲ. ಎಲುಬುಗಳ ನಡುವೆ ಜಾಗ ಇರುತ್ತದೆ. ಹೆರಿಗೆಯ ಹೊತ್ತಿಗೆ ಅವು ಒಂದರ ಮೇಲೊಂದು ಸ್ವಲ್ಪ ಸರಿದು, ತಲೆ ಸಣ್ಣದಾಗಿ, ಕೂಸು ಹೊರಗೆ ಬರುತ್ತದೆ. ಅದಕ್ಕೇ ಎಷ್ಟೋ ಕೂಸುಗಳ ತಲೆ ಮೊದಮೊದಲು ಉದ್ದ ಕಾಣುತ್ತದೆ. ಎರೆಯಲು ಬರುವ ಅಜ್ಜಿ ತಾನು ಒತ್ತಿ ಒತ್ತಿ ಗುಂಡಗೆ ಮಾಡಿದೆ ಅನ್ನುತ್ತಾಳೆ. ಒತ್ತದಿದ್ದರೂ ಅದು ಕೆಲವು ದಿನಗಳಲ್ಲಿ ಗುಂಡಗಾಗುತ್ತದೆ, ಆದರೆ ಅವಳ ಸೀರೆ ಕುಪ್ಪಸದ ಮರ್ಯಾದೆ ತಪ್ಪಿಸುವ ಧೈರ್ಯ ಯಾರಿಗೂ ಇಲ್ಲ. ಹಿಂದಿನ ಸಂದು ಎರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ. ಮುಂದಿನದು, ನಾವು ನೆತ್ತಿ ಅನ್ನುವುದು, ಮುಚ್ಚಲು ಒಂದೂವರೆ ವರ್ಷದವರೆಗೂ ಹಿಡಿಯುತ್ತದೆ. ಅಲ್ಲಿ ಕೈ ಇಟ್ಟರೆ ನಾಡಿ ಬಡಿಯುವುದು ಗೊತ್ತಾಗುತ್ತದೆ. ಹರಳೆಣ್ಣೆ ಹಾಕಿ ತಟ್ಟಿ, ಕುಲಾವಿ ಕಟ್ಟುವುದು ಅದರ ಮೇಲೇ. ಕೂಸಿಗೆ ವಾಂತಿ ಭೇದಿಯಾದಾಗ ‘ನೆತ್ತಿ ಬಿದ್ದೈತಿ’ ಎಂದು ಗುರುತಿಸಿದ ನಮ್ಮ ಹೆಣ್ಣುಮಕ್ಕಳು ಸರಿಯಾಗೇ ನೋಡಿದ್ದರು. ಮೈಯಲ್ಲಿ ನೀರು ಕಮ್ಮಿಯಾದರೆ ಅದು ಒಳಕ್ಕೆ ಇಳಿಯುತ್ತದೆ. ವೈದ್ಯರೂ ಅಲ್ಲೇ ಮುಟ್ಟಿ ನೋಡುವುದು. ಆದರೆ ಮದ್ದು ಎಣ್ಣೆಯಲ್ಲ, ಮೊದಲು ಓಆರ್‌ಎಸ್, ಆಮೇಲೆ ತಡ ಮಾಡದೆ ಆಸ್ಪತ್ರೆ.

ಕೂಸು ಬೆಳೆದ ಹಾಗೆ ಎಲುಬುಗಳು ಹತ್ತಿರ ಬಂದು ಕೂಡುತ್ತವೆ. ಕೂಡಿದ ಕಡೆ ಅಂಕುಡೊಂಕು ಗೆರೆಗಳು ಉಳಿಯುತ್ತವೆ. ಬ್ರಹ್ಮ ಬರೆದ ಹಣೆಬರಹ ಅದೇ ಎಂದು ನಮ್ಮ ಜನ ನಂಬಿದ್ದರು. ಸತ್ತವನ ಬುರುಡೆಯಲ್ಲಿ ಅವನ ಬರಹ ಕಾಣುತ್ತದೆ, ಓದುವವರಿಲ್ಲ ಅಷ್ಟೇ ಎಂದು ನಾನೂ ಕೇಳಿದ್ದೇನೆ.

ಪಕ್ಕದ ಮನೆಯ ಅಜ್ಜಿಗೆ ಅದನ್ನು ನೋಡುವ ಯೋಗ ಕೂಡಿಬಂತು. ನಮ್ಮದು ಹುಬ್ಬಳ್ಳಿಯ ವಿದ್ಯಾನಗರ. 1957ರಲ್ಲಿ ಶುರುವಾದ, ಊರವರ ಬಾಯಲ್ಲಿ ಕಿಮ್ಸ್ ಆದ ಮೆಡಿಕಲ್ ಕಾಲೇಜು ಇಲ್ಲೇ ಇದೆ. ಅಜ್ಜಿಯ ಮಾಳಿಗೆಯ ಕೋಣೆಗೆ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು, ಮೊದಲ ವರ್ಷದವಳು. ಸೀನಿಯರ್ ಕೊಟ್ಟ ಬೋನ್ ಸೆಟ್ ಅವಳ ಚೀಲದಲ್ಲಿತ್ತು. ಹಳೆಯದು, ನಿಜವಾದದ್ದು. ಈಗ ಪ್ಲಾಸ್ಟಿಕ್ಕಿನವೂ ಸಿಗುತ್ತವೆ. 1985ರಲ್ಲಿ ಸರ್ಕಾರ ನಿಲ್ಲಿಸುವವರೆಗೆ ಮನುಷ್ಯರ ಎಲುಬು ನಮ್ಮ ದೇಶದಿಂದ ಪರದೇಶದ ಕಾಲೇಜುಗಳಿಗೆ ರಾಶಿಗಟ್ಟಲೆ ಹೋಗುತ್ತಿತ್ತು, ಹೆಚ್ಚಾಗಿ ಕಲ್ಕತ್ತೆಯಿಂದ. ಯಾರ ಯಾರ ಬಡತನವೋ ಯಾವ ಯಾವ ಕಪಾಟಿಗೋ.

ಅಜ್ಜಿ ಕಿರುಚಲಿಲ್ಲ. ದೇವರ ಮನೆಯ ಬಾಗಿಲು ಎಳೆದುಕೊಂಡು ಬಂದು ಕೂತರು. ‘ಗಂಡಸಿಂದೋ ಹೆಂಗಸಿಂದೋ?’ ಎಂದು ಕೇಳಿದರು. ಹುಡುಗಿ ಹುಬ್ಬಿನ ದಿಂಡು, ಕಿವಿಯ ಹಿಂದಿನ ಗುಬುಟು ತೋರಿಸಿ, ಇಲ್ಲಿ ದಪ್ಪ ಇದ್ದರೆ ಹೆಚ್ಚಾಗಿ ಗಂಡಸಿಂದು ಅಂದಳು. ಅಜ್ಜಿ ತಮ್ಮ ಕಿವಿಯ ಹಿಂದೆ ಒಮ್ಮೆ ಮುಟ್ಟಿಕೊಂಡರು. ಆಮೇಲೆ ನೆತ್ತಿಯ ಗೆರೆ ನೋಡಿದರು. ವಯಸ್ಸಿನಲ್ಲಿ ಅವರು ಕಸೂತಿ ಹಾಕಿದವರು. ‘ಇದು ಮುರಗಿ ಹೊಲಿಗಿ ಇದ್ದಂಗ ಐತಲ್ಲ!’ ಎಂದರು. ಸರಿಯಾಗೇ ಹೇಳಿದರು, ಇಳಕಲ್ ಸೀರೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಳಿಯುವ ಅದೇ ಮುರಗಿ. ಮುರಗಿ ಸೀರೆಯ ಎರಡೂ ಕಡೆ ಒಂದೇ ತರಹ ಕಾಣಬೇಕು, ಇಲ್ಲದಿದ್ದರೆ ಹಾಕಿದವಳಿಗೆ ಬೈಗುಳ. ಬುರುಡೆಯಲ್ಲಿ ಹಾಗಿಲ್ಲ. ಹೊರಗೆ ಅಷ್ಟೊಂದು ಡೊಂಕಿರುವ ಗೆರೆ ಒಳಗಿನಿಂದ ನೋಡಿದರೆ ಸಾಕಷ್ಟು ನೆಟ್ಟಗಿರುತ್ತದೆ.

‘ಆದರ ಹಣಿ ಮ್ಯಾಲ ಏನೂ ಇಲ್ಲಲ್ಲ?’ ಇದು ಅಜ್ಜಿಯ ಆಕ್ಷೇಪ. ನಿಜವೇ. ಗೆರೆಗಳೆಲ್ಲ ನೆತ್ತಿಯಲ್ಲಿ, ಹಿಂದಲೆಯಲ್ಲಿ, ಕಪಾಳದಲ್ಲಿ ಇವೆ. ಹಣೆ ನುಣ್ಣಗಿದೆ. ಹುಟ್ಟಿದಾಗ ಹಣೆಯೂ ಎರಡು ಹೋಳು, ನಡುವೆ ಗೆರೆ ಇರುತ್ತದೆ, ಎಳವೆಯಲ್ಲೇ ಕೂಡಿ ಅಳಿಸಿಹೋಗುತ್ತದೆ ಅಂದಳು ಹುಡುಗಿ. ಕೆಲವರಿಗೆ ಮಾತ್ರ ಮುಪ್ಪಿನವರೆಗೂ ಉಳಿಯುತ್ತದಂತೆ.

‘ನಮ್ಮ ರಾಜಾಗ ಉಳದಿರಬಹುದೇನು?’

ರಾಜಾ ಅಂದರೆ ಅವರ ಕಿರಿಮಗ. ಲಗ್ನವೂ ಇಲ್ಲ, ಕೆಲಸವೂ ನಿಂತಿಲ್ಲ.

‘ಸ್ಕ್ಯಾನ್ ಮಾಡಿಸಿದರ ಕಾಣ್ತದ ಅಜ್ಜಿ.’

‘ಅದರಾಗ ಏನ್ ಬರದೈತಿ ಅಂತ ನಿಮ್ಮ ಮಾಸ್ತರಗ ಓದಾಕ ಬರ್ತೈತೇನು?’

ಬರುವುದಿಲ್ಲ ಅಂದಳು ಹುಡುಗಿ.

‘ಮತ್ತ ಸುಮ್ನ ರೊಕ್ಕ ಯಾಕ ಕಳೀಲಿ’ ಎಂದು ಅಜ್ಜಿ ಎದ್ದು, ಒಲೆಯ ಮೇಲಿಟ್ಟಿದ್ದ ಬ್ಯಾಳಿ ನೋಡಲು ಒಳಗೆ ಹೋದರು.