ನಿಮಗಾಗಿ, ನಿಮ್ಮಿಂದಲೇ

ಸುದ್ದಿಯ ಆಪ್ ಒಂದು ಅಪ್‌ಡೇಟ್ ಆಯಿತು. ತೆರೆದ ಕೂಡಲೇ ಶುಭಸಮಾಚಾರ: ಇನ್ನು ಮುಂದೆ ಸುದ್ದಿಯೆಲ್ಲ 'ನಿಮಗಾಗಿ'. ಎಂಥ ಮರ್ಯಾದೆ! ಲೋಕದಲ್ಲಿ ಏನು ನಡೆಯಿತು ಅನ್ನೋದು ಈಗ ನನ್ನ ಅಭಿರುಚಿಗೆ ಬಿಟ್ಟ ವಿಷಯ. ಚುನಾವಣೆ ಒಂದೇ ಆದರೂ ಗಂಡನ ಫೋನಿನಲ್ಲಿ ಒಂದು ಪಕ್ಷದ ಅಲೆ, ಹೆಂಡತಿಯ ಫೋನಿನಲ್ಲಿ ಇನ್ನೊಂದರದ್ದು. ಎಣಿಕೆಯ ದಿನದವರೆಗೂ ಇಬ್ಬರೂ ಗೆದ್ದಿರುತ್ತಾರೆ.

ಹಿಂದೆ ಸಂಪಾದಕ ಅಂತ ಒಬ್ಬರಿರುತ್ತಿದ್ದರು. ಯಾವುದು ಮುಖಪುಟಕ್ಕೆ, ಯಾವುದು ಏಳನೇ ಪುಟದ ಮೂಲೆಗೆ ಅಂತ ಅವರು ಹೇಳುತ್ತಿದ್ದರು. ಪಕ್ಷಪಾತಿಗಳೂ ಇದ್ದರು, ಬಿಡಿ. ಆದರೆ ಹೆಸರು ಹಿಡಿದು ಬೈಯಬಹುದಿತ್ತು. ಈಗ ಬೈದರೆ ಸಿಗುವ ಉತ್ತರ: ನೀವೇ ನೋಡಿದ್ದು, ಅದಕ್ಕೇ ತೋರಿಸಿದ್ದು. 'ಆಸಕ್ತಿ ಇಲ್ಲ' ಅಂತ ಒತ್ತಿದರೆ ಆ ವಿಡಿಯೊ ಹೋಗುತ್ತದೆ, ಅದರ ತಮ್ಮ ಬರುತ್ತಾನೆ.

ಆ ಸಂಪಾದಕರೂ ಈಗ ಅಲ್ಗಾರಿದಮ್ಮಿನ, ಅಂದರೆ ಯಾರಿಗೆ ಏನು ತೋರಿಸಬೇಕು ಅಂತ ತೀರ್ಮಾನಿಸುವ ಕಂಪ್ಯೂಟರ್ ಲೆಕ್ಕದ ಮುಂದೆ ಕೈಕಟ್ಟಿ ನಿಂತಿದ್ದಾರೆ. ಎಷ್ಟು ಕ್ಲಿಕ್ ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದೇ ಮುಖ್ಯ ಅಂತ ಯೂಟ್ಯೂಬ್ 2012ರಲ್ಲಿ ಲೆಕ್ಕ ಬದಲಿಸಿತು. ಸರಿ, ಒಂದು ನಿಮಿಷದ ಸುದ್ದಿಗೆ ಒಂಬತ್ತು ನಿಮಿಷದ ಪೀಠಿಕೆ ಶುರುವಾಯಿತು. 'ಕೊನೆಯವರೆಗೂ ನೋಡಿ.' ಇನ್ನು ವಿಡಿಯೊದ ಮುಖಚಿತ್ರ, ಆ ಥಂಬ್‌ನೇಲ್! 'ಆ' ಅಂತ ತೆರೆದ ಬಾಯಿ, ಕೆಂಪು ಬಾಣ, ಕೆಂಪು ವೃತ್ತ. ವೃತ್ತದೊಳಗೆ ಹಿಗ್ಗಿಸಿ ನೋಡಿದೆ, ಬರೀ ಗೋಡೆ ಇತ್ತು. ಬಜೆಟ್ಟಿಗೂ ಅದೇ ಬಾಯಿ, ಗ್ರಹಣಕ್ಕೂ ಅದೇ ಬಾಯಿ. ದಂತವೈದ್ಯರೂ ದಿನಕ್ಕೆ ಇಷ್ಟು ಹಲ್ಲು ನೋಡಲಿಕ್ಕಿಲ್ಲ.

ನಗು ಇಲ್ಲಿಗೆ ಸಾಕು. ಫೇಸ್‌ಬುಕ್‌ನ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದವಲ್ಲ, ಅದರಲ್ಲಿ ಇದೂ ಇತ್ತು: ಯಾವ ಪೋಸ್ಟು ಮೇಲೆ ಬರಬೇಕು ಅನ್ನೋ ಲೆಕ್ಕದಲ್ಲಿ 2017ರಿಂದ ಲೈಕಿಗೆ ಒಂದು ಅಂಕ, ಸಿಟ್ಟಿನ ಇಮೋಜಿಗೆ ಐದು. ಹೃದಯಕ್ಕೂ ಐದೇ, ನ್ಯಾಯವಾಗಿಯೇ ಕೊಟ್ಟಿದ್ದರು. ಆದರೆ ಜನರನ್ನು ರೇಗಿಸೋದು ಎಷ್ಟು ಸುಲಭ ಅಂತ ಯಾರಿಗೆ ಗೊತ್ತಿಲ್ಲ? ಸಿಟ್ಟು ತರಿಸುವ ಪೋಸ್ಟುಗಳಲ್ಲೇ ಸುಳ್ಳು ಜಾಸ್ತಿ ಅಂತ ಅವರ ಸಿಬ್ಬಂದಿಯೇ ಹೇಳಿದ್ದರು. 2020ರಲ್ಲಿ ಸಿಟ್ಟಿನ ಅಂಕ ಸೊನ್ನೆಗೆ ಇಳಿಸಿದರು. ಸುಳ್ಳು ಸುದ್ದಿ ಕಮ್ಮಿಯಾಯಿತು, ಫೇಸ್‌ಬುಕ್ ಬಳಸುವವರ ಓಡಾಟ ಕಮ್ಮಿಯಾಗಲಿಲ್ಲ.

ಅಂದರೆ ನಷ್ಟವೂ ಇರಲಿಲ್ಲ. ಮೊದಲೇ ಮಾಡಬಹುದಿತ್ತು, ಮಾಡಲಿಲ್ಲ. ಆ ಮೂರು ವರ್ಷದಲ್ಲಿ ಸ್ನೇಹಿತರು ಸ್ನೇಹಿತರ ಜೊತೆ ಮಾತು ಬಿಟ್ಟಿದ್ದು, ಗುರುತಿಲ್ಲದವರು ಗುರುತಿಲ್ಲದವರನ್ನು ದ್ವೇಷಿಸಿದ್ದು ಯಾರ ಲೆಕ್ಕಕ್ಕೆ? ಯಾರ ಕೆಲಸವೂ ಹೋಗಿದ್ದು ಕೇಳಿಲ್ಲ. ಸೆಟ್ಟಿಂಗ್ ಬದಲಾಯಿಸಿದರು, ಅಷ್ಟೇ. ಸಾಕಾಗಿದೆ ರೀ.