ಉಳುಮೆ ಬಿಟ್ಟ ಹೊಲದಲ್ಲಿ ಬೀಜ ಯಾಕೆ ಹುಟ್ಟುವುದಿಲ್ಲ

ಉಳುಮೆ ಇಲ್ಲದ ಬೇಸಾಯ ಎಂದರೆ ಎರೆಹುಳು, ಸಾವಯವ ಇಂಗಾಲ, ಡೀಸೆಲ್ ಉಳಿತಾಯ ಎಂದು ಮಾತು ಶುರುವಾಗುತ್ತದೆ. ಎಲ್ಲ ನಿಜವೇ. ಆದರೆ ತರಕಾರಿ, ಕಾಳು, ಮೆಕ್ಕೆಜೋಳ ಒಟ್ಟಿಗೆ ಬೆಳೆಯುವವರು ಮೊದಲ ಹಂಗಾಮಿನಲ್ಲೇ ಇದನ್ನು ಕೈಬಿಟ್ಟರೆ ಕಾರಣ ಹೆಚ್ಚಾಗಿ ಒಂದೇ: ಸಾಲು ಸಾಲಾಗಿ ಬೀಜ ಹುಟ್ಟಿರುವುದಿಲ್ಲ. ದೂರು ಮಾತ್ರ ಮಣ್ಣಿನ ಮೇಲೆ. ತಪ್ಪು ಹೆಚ್ಚಾಗಿ ಬಿತ್ತನೆಯಲ್ಲಿರುತ್ತದೆ.

ಇಲ್ಲಿ ಉಳುವ ಬದಲು ನೆಲಕ್ಕೆ ಒಣ ಹುಲ್ಲಿನ ಹೊದಿಕೆ ಇರುತ್ತದೆ. ಬಿತ್ತುವ ಕೂರಿಗೆಯ ಚೂಪು ತಟ್ಟೆ ಆ ಹುಲ್ಲನ್ನು ಕತ್ತರಿಸಿ, ಮಣ್ಣಿನಲ್ಲಿ ಸೀಳು ತೆಗೆದು, ಅದರೊಳಗೆ ಬೀಜ ಬೀಳಬೇಕು. ತಟ್ಟೆ ಮೊಂಡಾಗಿದ್ದರೆ, ಅಥವಾ ಬೆಳಗಿನ ಇಬ್ಬನಿಗೆ ಹುಲ್ಲು ಮೆತ್ತಗಾಗಿದ್ದರೆ, ಹುಲ್ಲು ತುಂಡಾಗುವುದಿಲ್ಲ. ಮಡಚಿಕೊಂಡು ಸೀಳಿನೊಳಗೇ ಇಳಿಯುತ್ತದೆ. ಬೀಜ ಆ ಹುಲ್ಲಿನ ಮೇಲೆ ಕೂರುತ್ತದೆ, ತೇವ ಸಿಗದೆ ಒಣಗುತ್ತದೆ. ಇಬ್ಬನಿ ಆರಿ ಹುಲ್ಲು ಗರಿಗರಿಯಾದ ಮೇಲೆ ಬಿತ್ತಿ. ಮಣ್ಣು ಹದ ಮೀರಿ ಹಸಿಯಾಗಿದ್ದರೆ ಇನ್ನೊಂದು ತೊಂದರೆ. ಸೀಳಿನ ಗೋಡೆ ಸಾರಿಸಿದಂತೆ ಹೊಳೆಯುತ್ತದೆ, ಸೀಳು ಮುಚ್ಚಲೆಂದು ಕೂರಿಗೆಯ ಹಿಂದಿರುವ ಒತ್ತುಗಾಲಿ ಹಾಯ್ದರೂ ಮುಚ್ಚುವುದಿಲ್ಲ, ಬಿಸಿಲಿಗೆ ಬಾಯಿ ಬಿಟ್ಟು ಬೀಜ ಕಾಣುತ್ತದೆ. ಹತ್ತು ಅಡಿ ಬಿತ್ತಿ ನಿಲ್ಲಿಸಿ, ಬೆರಳಿನಿಂದ ಸಾಲು ಬಗೆದು ನೋಡಿ. ಮೆಕ್ಕೆಜೋಳ ಸುಮಾರು 5 ಸೆಂ.ಮೀ., ಬೀನ್ಸ್ 3–4 ಸೆಂ.ಮೀ. ಆಳದಲ್ಲಿರಬೇಕು. ಆಳವನ್ನು ಮಣ್ಣಿನಿಂದ ಅಳೆಯಬೇಕು, ಹೊದಿಕೆಯ ಮೇಲಿನಿಂದಲ್ಲ.

ತರಕಾರಿಯಲ್ಲಿ ಎಲ್ಲಕ್ಕೂ ಒಂದೇ ವಿಧಾನ ನಡೆಯದು. ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸು ಸಸಿ ನಾಟಿಯವು, ಹೊದಿಕೆಗೆ ಹೇಳಿ ಮಾಡಿಸಿದವು. ಹೊದಿಕೆ ಸರಿಸಿ, ಬೇರಿನ ಮುದ್ದೆ ಹಿಡಿಯುವಷ್ಟು ಗುಳಿ ತೆಗೆದು ನೆಟ್ಟರೆ ಆಯಿತು. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬರಿದಾಗಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ. ಬೆಂಡೆ, ಕುಂಬಳ, ಅಲಸಂದೆಯಂಥ ದಪ್ಪ ಬೀಜಕ್ಕೆ ಅಂಗೈ ಅಗಲದ ಪಟ್ಟಿ ತೆರವು ಮಾಡಿದರೆ ಸಾಕು. ಕ್ಯಾರೆಟ್, ದಂಟು, ಈರುಳ್ಳಿ ಬೀಜವನ್ನು ಹುಲ್ಲಿನ ನಡುವೆ ಚೆಲ್ಲುವುದು ಬೀಜ ದಂಡ. ಆ ಮಡಿಯ ಹೊದಿಕೆ ಪೂರ್ತಿ ತೆಗೆದು, ಜರಡಿ ಹಿಡಿದ ಕಳಿತ ಗೊಬ್ಬರ 2–3 ಸೆಂ.ಮೀ. ಹರಡಿ, ಅದರಲ್ಲಿ ತೆಳುವಾಗಿ ಬಿತ್ತಿ ನೀರು ಚಿಮುಕಿಸಿ. ಪೈರು ಗೇಣುದ್ದ ಆದ ಮೇಲೆ ಸಾಲಿನ ನಡುವೆ ಹುಲ್ಲು ಮತ್ತೆ ಹಾಸಬಹುದು.

ಹೊದಿಕೆ ಎಷ್ಟು ಬೇಕು? ಕಳೆ ತಡೆಯಬೇಕಾದರೆ ಎಕರೆಗೆ ಎರಡೂವರೆ–ಮೂರು ಟನ್ ಒಣತೂಕ. ಮಣ್ಣು ಇಣುಕುವಂತಿದ್ದರೆ ಕಳೆಯೂ ಇಣುಕುತ್ತದೆ. ಇಷ್ಟನ್ನು ಹೊರಗಿನಿಂದ ಹೊತ್ತು ತರುವುದಕ್ಕಿಂತ ಹಸಿರೆಲೆ ಗೊಬ್ಬರದ ಸೆಣಬನ್ನು ಅಲ್ಲೇ ಬೆಳೆದು, ಹೂ ತುಂಬಿದಾಗ, ಕಾಯಿ ಬಲಿಯುವ ಮೊದಲು, ಒಂದೇ ದಿಕ್ಕಿಗೆ ಉರುಳೆ ಹಾಯಿಸಿ ಮಲಗಿಸುವುದು ಮೇಲು. ಕೂರಿಗೆಯೂ ಅದೇ ದಿಕ್ಕಿಗೆ ಹೋಗಲಿ. ಸೆಣಬು ಎಳೆಯದಾಗಿದ್ದಾಗ ಮಲಗಿಸಿದರೆ ಮತ್ತೆ ಎದ್ದು ನಿಲ್ಲುತ್ತದೆ. ಏಕದಳ ಧಾನ್ಯದ ಹುಲ್ಲಾದರೆ ಅದನ್ನು ಕೊಳೆಸುವ ಸೂಕ್ಷ್ಮಾಣುಗಳೇ ಸಾರಜನಕ ಎಳೆದುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಮೆಕ್ಕೆಜೋಳಕ್ಕೆ ಬಿತ್ತುವಾಗಲೇ ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಸ್ವಲ್ಪ ಸಾರಜನಕ ಕೊಡಿ.

ಗರಿಕೆ, ಜೇಕು ತುಂಬಿದ ತಾಕಿನಲ್ಲಿ ಮಾತ್ರ ಇದನ್ನು ಆರಂಭಿಸಲೇಬೇಡಿ. ಜೇಕು ಪ್ಲಾಸ್ಟಿಕ್ ಹಾಳೆಯನ್ನೇ ತೂರಿ ಬರುತ್ತದೆ, ಹುಲ್ಲು ಯಾವ ಲೆಕ್ಕ! ಹಾಗೆಯೇ ಹಸಿ ನೆಲಕ್ಕೆ ಕಬ್ಬಿಣದ ಸರಳು ಒತ್ತಿ ನೋಡಿ. ಗೇಣಿನೊಳಗೆ ಎಲ್ಲೆಡೆ ಒಂದೇ ಆಳದಲ್ಲಿ ತಡೆದರೆ ಅಲ್ಲಿ ನೇಗಿಲು ಕಟ್ಟಿದ ಗಟ್ಟಿ ಪದರ ಇದೆ. ಅದನ್ನು ಒಂದು ಸಲ ಆಳಕ್ಕೆ ಸೀಳಿಸಿಯೇ ಉಳುಮೆ ನಿಲ್ಲಿಸಿ. ಗೆಣಸು, ಶೇಂಗಾ ಕೀಳುವಾಗ ಮಣ್ಣು ಅಗೆಯಲೇಬೇಕು. ಅಷ್ಟಕ್ಕೆ ವ್ರತಭಂಗವಾಯಿತು ಎಂದು ಹೌಹಾರುವವರಿದ್ದಾರೆ. ಅಗೆದ ವಾರದಲ್ಲೇ ಅಲ್ಲಿ ಹುರುಳಿಯನ್ನೋ ಸೆಣಬನ್ನೋ ಎರಚಿ ನೆಲ ಮುಚ್ಚಿಬಿಡಿ, ಸಾಕು.